ಐದು ಬಣ್ಣದ ಬಳೆ, ಎರಡು ಫೋಟಾನ್: ಹೆಚ್ಚು ಆಯಾಮದ ಎಂಟ್ಯಾಂಗಲ್‌ಮೆಂಟನ್ನು ಪರೀಕ್ಷಿಸುವುದು ಹೇಗೆ?

ಬಳೆಗಾರನೊಬ್ಬನ ಹತ್ತಿರ ಐದು ಬಣ್ಣದ ಗಾಜಿನ ಬಳೆಗಳಿವೆ. ಒಂದೇ ಬಣ್ಣದ ಎರಡು ಬಳೆ ಆರಿಸುತ್ತಾನೆ, ಎರಡು ಡಬ್ಬಿಗಳಲ್ಲಿ ಹಾಕಿ ಮುಚ್ಚುತ್ತಾನೆ, ಒಂದನ್ನು ಹುಬ್ಬಳ್ಳಿಗೂ ಇನ್ನೊಂದನ್ನು ಮಂಗಳೂರಿಗೂ ಕಳಿಸುತ್ತಾನೆ. ಹುಬ್ಬಳ್ಳಿಯಲ್ಲಿ ಹಸಿರು ಕಂಡರೆ ಮಂಗಳೂರಿನಲ್ಲೂ ಹಸಿರೇ. ಸಾವಿರ ಸಲ ಕಳಿಸಿದರೂ ಸಾವಿರ ಸಲವೂ ತಾಳೆಯಾಗುತ್ತದೆ. ಇದರಲ್ಲಿ ಕ್ವಾಂಟಂ ಅನ್ನುವಂಥದ್ದು ಎಳ್ಳಷ್ಟೂ ಇಲ್ಲ.

ಈ ಬಳೆಗಾರನನ್ನು ಕೊನೆಯವರೆಗೂ ಜೊತೆಯಲ್ಲೇ ಇಟ್ಟುಕೊಳ್ಳಿ. ಪ್ರಯೋಗಾಲಯದಲ್ಲಿ ಫೋಟಾನ್ ಜೋಡಿಗಳನ್ನು ಅಳೆಯುತ್ತಾ ಕೂತಾಗ ಪರದೆಯ ಮೇಲೆ ಚೌಕಾಬಾರದ ಮಣೆಯ ಹಾಗೆ 25 ಮನೆಗಳ ಒಂದು ಕೋಷ್ಟಕ ಮೂಡುತ್ತದೆ: ಅಡ್ಡಸಾಲುಗಳು ಒಂದು ಫೋಟಾನಿನ ಐದು ಉತ್ತರ, ಕಂಬಸಾಲುಗಳು ಅದರ ಜೊತೆಗಾರನ ಐದು ಉತ್ತರ. ಮೂಲೆಯಿಂದ ಮೂಲೆಗೆ, ಕರ್ಣದ ಐದು ಮನೆ ಮಾತ್ರ ಹೊಳೆಯುತ್ತವೆ, ಉಳಿದವೆಲ್ಲ ಕತ್ತಲು. ಐದು ಆಯಾಮದ ಎಂಟ್ಯಾಂಗಲ್‌ಮೆಂಟ್ (ಎರಡು ಕಣಗಳು ಒಂದೇ ಕ್ವಾಂಟಂ ಸ್ಥಿತಿಯಾಗಿ ಹೆಣೆದುಕೊಳ್ಳುವುದು; ಆಯಾಮ ಅಂದರೆ ಇಲ್ಲಿ ಬಣ್ಣಗಳ ಹಾಗೆ ಎಷ್ಟು ಬೇರೆ ಬೇರೆ ಉತ್ತರ ಬರಬಹುದು ಎಂಬ ಸಂಖ್ಯೆ) ಸಿಕ್ಕಿತು ಎಂದು ಕುಣಿಯುವ ಹಾಗಾಗುತ್ತದೆ. ನಾನೂ ಕುಣಿದಿದ್ದೇನೆ. ಆದರೆ ಅದೇ ಕೋಷ್ಟಕವನ್ನು ಬಳೆಗಾರ ನೂರು ರೂಪಾಯಿ ಖರ್ಚಿನಲ್ಲಿ ಮಾಡಿ ತೋರಿಸುತ್ತಾನೆ. ನಮ್ಮ ಅಂಕಿಗಳನ್ನು ಅವನಿಂದ ತರಲು ಸಾಧ್ಯವೇ ಇಲ್ಲ ಎಂದು ಖಚಿತಪಡಿಸಿಕೊಳ್ಳುವುದೇ ಪರೀಕ್ಷೆ.

ಎಂ.ಎಸ್ಸಿ. ಮಟ್ಟದ ಕ್ವಾಂಟಂ ಮೆಕ್ಯಾನಿಕ್ಸ್ ಓದಿದವರಿಗೆ ಇದು ಸುಲಭವಾಗಿ ಒಗ್ಗುತ್ತದೆ. ಸಂಕೀರ್ಣ ಸಂಖ್ಯೆ, ಮ್ಯಾಟ್ರಿಕ್ಸ್, ಒಂದಿಷ್ಟು ಸಂಭವನೀಯತೆ ಗೊತ್ತಿದ್ದರೂ ಸಾಕು. ಲ್ಯಾಬ್ ಇಲ್ಲದವರು ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡುವ ದಾರಿಯನ್ನೂ ಕೆಳಗೆ ಹೇಳಿದ್ದೇನೆ.

ಮೊದಲು, ಏನು ಹೇಳಹೊರಟಿದ್ದೀರಿ ಎಂದು ಬರೆದಿಡಿ

ಉಪಕರಣ ಮುಟ್ಟುವ ಮೊದಲೇ ನೋಟ್‌ಬುಕ್ಕಿನಲ್ಲಿ ಒಂದು ವಾಕ್ಯ ಬರೆಯಿರಿ. ಮೂರು ಬೇರೆ ಬೇರೆ ವಾಕ್ಯಗಳು ಸಾಧ್ಯ, ಜನ ಅವನ್ನು ಕಲಸಿಬಿಡುತ್ತಾರೆ. ಒಂದು, ಈ ಜೋಡಿ ಹೆಣೆದುಕೊಂಡಿದೆ. ಎರಡು, ಈ ಜೋಡಿ ಕನಿಷ್ಠ ಇಷ್ಟು ಆಯಾಮಗಳಲ್ಲಿ ಹೆಣೆದುಕೊಂಡಿದೆ. ಮೂರು, ನನ್ನ ಉಪಕರಣಗಳನ್ನು ನೀವು ನಂಬದಿದ್ದರೂ ಈ ಜೋಡಿ ಹೆಣೆದುಕೊಂಡಿದೆ. ಈ ಲೇಖನದ ಗುರಿ ಎರಡನೆಯದು.

ಎರಡನೆಯ ವಾಕ್ಯದಲ್ಲಿನ "ಇಷ್ಟು" ಎಂಬುದಕ್ಕೆ ಶ್ಮಿಟ್ ಸಂಖ್ಯೆ ಎಂದು ಹೆಸರು. ಮಿಶ್ರ ಸ್ಥಿತಿಗಳಿಗೂ (ಹಲವು ಸ್ಥಿತಿಗಳು ಬೆರೆತ ರಾಶಿಗಳಿಗೂ) ಹೊಂದುವಂತೆ ಇದನ್ನು 2000ದಲ್ಲಿ ಬಾರ್ಬರಾ ಟೆರ್ಹಾಲ್ ಮತ್ತು ಪಾವೆಲ್ ಹೊರೊಡೆಕಿ ರೂಪಿಸಿದರು. ಬಳೆಗಾರನ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಅವನು ಸ್ವಲ್ಪ ಬಂಡವಾಳ ಹಾಕಿ ಎರಡೆರಡೇ ಬಣ್ಣಗಳನ್ನು ನಿಜವಾಗಿ ಹೆಣೆಯುವ ಸಣ್ಣ ಯಂತ್ರ ಕೊಂಡ ಅಂದುಕೊಳ್ಳಿ. ಒಮ್ಮೆ ಕೆಂಪು-ಹಸಿರು, ಇನ್ನೊಮ್ಮೆ ಹಳದಿ-ನೀಲಿ, ಹೀಗೆ ಜೋಡಿ ಬದಲಿಸುತ್ತಾ ಕಳಿಸುತ್ತಾನೆ. ಒಟ್ಟು ರಾಶಿಯಲ್ಲಿ ಐದೂ ಬಣ್ಣ ಕಾಣುತ್ತವೆ, ಹೆಣಿಗೆಯೂ ಇರುತ್ತದೆ, ಆದರೆ ಶ್ಮಿಟ್ ಸಂಖ್ಯೆ ಎರಡೇ. ಐದು ಆಯಾಮ ಎನ್ನಬೇಕಾದರೆ ಸಾದಾ ಬಳೆಗಾರನನ್ನು ಸೋಲಿಸಿದರೆ ಸಾಲದು. ಎರಡು, ಮೂರು, ನಾಲ್ಕು ಬಣ್ಣದ ಯಂತ್ರ ಇಟ್ಟುಕೊಂಡ ಅವನ ಅಣ್ಣತಮ್ಮಂದಿರನ್ನೂ ಸೋಲಿಸಬೇಕು.

ಸಾಮಗ್ರಿ

ಆಯಾಮ ಬೇಕೆಂದರೆ ಫೋಟಾನಿನ ಧ್ರುವೀಕರಣ ಸಾಲದು; ಅದರಲ್ಲಿರುವುದು ಎರಡೇ. ಬರುವ ಹೊತ್ತು, ಹಾದುಹೋಗುವ ದಾರಿ, ಬೆಳಕಿನ ಸುರುಳಿ, ಇವುಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ನಾನು ಸುರುಳಿಯನ್ನೇ ಉದಾಹರಣೆಗೆ ಹಿಡಿಯುತ್ತೇನೆ. ಬೆಳಕಿನ ತರಂಗಮುಖ ತಿರುಪು ಮೊಳೆಯ ಹಾಗೆ ಸುತ್ತಿಕೊಂಡಿದ್ದರೆ ಪ್ರತಿ ಫೋಟಾನೂ ಕಕ್ಷೀಯ ಕೋನೀಯ ಸಂವೇಗವನ್ನು ಹೊತ್ತಿರುತ್ತದೆ ಎಂದು 1992ರಲ್ಲಿ ಲೆಸ್ ಆಲನ್ ಮತ್ತು ಲೈಡನ್‌ನ ಸಂಗಡಿಗರು ತೋರಿಸಿದರು. ಫೋಟಾನ್ ಜೋಡಿಗಳು ಈ ಗುಣದಲ್ಲಿ ಹೆಣೆದುಕೊಳ್ಳುತ್ತವೆ ಎಂಬುದನ್ನು 2001ರಲ್ಲಿ ಆಂಟನ್ ಜೈಲಿಂಗರ್ ಅವರ ವಿಯೆನ್ನಾ ತಂಡ ಪ್ರಯೋಗದಲ್ಲಿ ತೋರಿಸಿತು.

ಮೇಜಿನ ಮೇಲೆ ಬೇಕಾದದ್ದು ಇಷ್ಟು: 405 ನ್ಯಾನೊಮೀಟರ್ ಲೇಸರ್, ಅದನ್ನು ಒಡೆದು 810 ನ್ಯಾನೊಮೀಟರ್‌ನ ಎರಡೆರಡು ಫೋಟಾನ್ ಕೊಡುವ ಸ್ಫಟಿಕ, ಎರಡು ಸ್ಪೇಷಿಯಲ್ ಲೈಟ್ ಮಾಡ್ಯುಲೇಟರ್, ಎರಡು ಸಿಂಗಲ್ ಮೋಡ್ ಫೈಬರ್, ಎರಡು ಡಿಟೆಕ್ಟರ್, ಎರಡೂ ಕಡೆ ಒಟ್ಟಿಗೆ ಬಂದ ಕ್ಲಿಕ್‌ಗಳನ್ನು ಎಣಿಸುವ ಪೆಟ್ಟಿಗೆ. ಮಾಡ್ಯುಲೇಟರ್ ಒಂದು ಪುಟ್ಟ ದ್ರವಸ್ಫಟಿಕದ ಪರದೆ. ಅದರ ಮೇಲೆ ತಕ್ಕ ಹೊಲೊಗ್ರಾಂ ಮೂಡಿಸಿದರೆ ಆ ಸುರುಳಿಯ ಫೋಟಾನ್ ಮಾತ್ರ ಸುರುಳಿ ಬಿಚ್ಚಿಕೊಂಡು ಫೈಬರ್ ಒಳಗೆ ಹೋಗುತ್ತದೆ, ಮಿಕ್ಕವು ಹೊರಗೇ ಉಳಿಯುತ್ತವೆ. (ಮಾಡ್ಯುಲೇಟರ್ ಬದಲು ಕ್ಯು-ಪ್ಲೇಟ್ ಎಂಬ, ಬೆಳಕಿಗೆ ಸುರುಳಿ ಹಾಕುವ ಬಿಲ್ಲೆ ಬಳಸುವವರೂ ಇದ್ದಾರೆ. ಅದು ಕೆಲಸ ಮಾಡುವುದು 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಿಂದ ಎಸ್. ಪಂಚರತ್ನಂ ವಿವರಿಸಿದ ಜ್ಯಾಮಿತೀಯ ಫೇಸ್‌ನ ಬಲದಿಂದ. ಆಗ ಲೇಸರ್ ಕೂಡ ಹುಟ್ಟಿರಲಿಲ್ಲ.)

ಸುರುಳಿಯ ಸಂಖ್ಯೆ −2, −1, 0, 1, 2. ಇವೇ ನಮ್ಮ ಐದು ಬಣ್ಣ. ಲೇಸರಿನಲ್ಲಿ ಸುರುಳಿ ಇಲ್ಲದಿರುವುದರಿಂದ ಹುಟ್ಟುವ ಎರಡು ಫೋಟಾನ್‌ಗಳ ಸುರುಳಿಗಳ ಮೊತ್ತ ಸೊನ್ನೆ: ಒಂದು +2 ಆದರೆ ಇನ್ನೊಂದು −2. ಕೋಷ್ಟಕದಲ್ಲಿ ಒಂದು ಕಡೆಯ ಹೆಸರುಗಳನ್ನು ತಿರುಗಿಸಿ ಬರೆದುಕೊಂಡರೆ ಎಲ್ಲವೂ ಕರ್ಣದ ಮೇಲೆ ಬರುತ್ತವೆ. ಹೆಸರು ತಿರುಗಿಸುವುದು ಮೋಸವಲ್ಲ, ಅಳತೆಗೆ ಮೊದಲೇ ತಿರುಗಿಸಿ ಆಮೇಲೆ ಮುಟ್ಟದಿದ್ದರೆ.

ಮೊದಲ ಕೋಷ್ಟಕ

ಎಡ ಮಾಡ್ಯುಲೇಟರಿನಲ್ಲಿ ಐದು ಹೊಲೊಗ್ರಾಂ, ಬಲದಲ್ಲಿ ಐದು, ಒಟ್ಟು 25 ಅಳತೆ. ಒಂದೊಂದು ಮನೆಗೂ ಒಂದೇ ಅವಧಿ ಕೊಟ್ಟು ಜೋಡಿ ಎಣಿಕೆ ಬರೆಯಿರಿ. ಕರ್ಣದ ಐದು ಮನೆಗಳ ಮೊತ್ತವನ್ನು 25 ಮನೆಗಳ ಮೊತ್ತದಿಂದ ಭಾಗಿಸಿ. ಬಂದ ಸಂಖ್ಯೆಗೆ "ಮೊದಲ ತಾಳೆ" ಎನ್ನೋಣ.

ಇಲ್ಲಿ ಹೊಸಬರು ಎಡವುವುದು ಆಕಸ್ಮಿಕ ಜೋಡಿಗಳಲ್ಲಿ. ಬೇರೆ ಬೇರೆ ಜೋಡಿಗೆ ಸೇರಿದ ಎರಡು ಫೋಟಾನ್‌ಗಳು ಅಕಸ್ಮಾತ್ತಾಗಿ ಒಂದೇ ಕ್ಷಣ ಬಂದರೂ ಪೆಟ್ಟಿಗೆ ಅವನ್ನು ಜೋಡಿ ಎಂದೇ ಎಣಿಸುತ್ತದೆ. ಎಷ್ಟು ಸಲ ಹೀಗಾಗುತ್ತದೆ ಎಂದು ತಿಳಿಯಲು ಎಡದ ಕ್ಲಿಕ್ ದರ, ಬಲದ ಕ್ಲಿಕ್ ದರ ಮತ್ತು ಕಾಲದ ಕಿಂಡಿಯ ಅಗಲ ಮೂರನ್ನೂ ಗುಣಿಸಿ. ಎರಡೂ ಕಡೆ ಸೆಕೆಂಡಿಗೆ 50,000 ಕ್ಲಿಕ್, ಕಿಂಡಿ 2 ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿಗೆ 5 ಸುಳ್ಳು ಜೋಡಿ. ಐದೇ ತಾನೇ ಎನ್ನಬೇಡಿ. ಅವು 25 ಮನೆಗಳಿಗೂ ಬೀಳುತ್ತವೆ. ಕರ್ಣದ ಒಂದೊಂದು ಮನೆಯಲ್ಲಿ ನಿಜವಾದ ಜೋಡಿ ಸೆಕೆಂಡಿಗೆ 60 ಇದ್ದರೆ, ನಿಜವಾದವು ಒಟ್ಟು 300, ಸುಳ್ಳು ಒಟ್ಟು 125. ಆದರ್ಶ ಮೂಲದಲ್ಲೂ ತಾಳೆ 425ಕ್ಕೆ 325, ಅಂದರೆ 0.76ಕ್ಕೆ ಇಳಿಯುತ್ತದೆ.

ಎಲ್ಲರೂ ಮೊದಲು ಮಾಡುವುದು ಲೇಸರ್ ಶಕ್ತಿ ಏರಿಸುವುದು. ತಪ್ಪು. ಶಕ್ತಿ ಅರ್ಧಕ್ಕೆ ಇಳಿಸಿ: ನಿಜವಾದ ಜೋಡಿ ಅರ್ಧವಾಗುತ್ತದೆ, ಸುಳ್ಳು ಜೋಡಿ ಕಾಲಾಗುತ್ತದೆ, ತಾಳೆ 0.86ಕ್ಕೆ ಏರುತ್ತದೆ. ಕಿಂಡಿಯನ್ನು 1 ನ್ಯಾನೊಸೆಕೆಂಡಿಗೆ ಕಿರಿದು ಮಾಡಿದರೂ ಅಷ್ಟೇ ಲಾಭ, ನಿಮ್ಮ ಡಿಟೆಕ್ಟರು ಅಷ್ಟು ಚುರುಕಾಗಿದ್ದರೆ. ಕಡಿಮೆ ಬೆಳಕಿನಲ್ಲಿ ಹೆಚ್ಚು ಹೊತ್ತು ಎಣಿಸುವುದು ಬೇಸರದ ಕೆಲಸ, ಆದರೆ ಅಂಕಿ ಶುದ್ಧವಾಗುವುದು ಅಲ್ಲಿಯೇ.

ಇಷ್ಟೆಲ್ಲ ಮಾಡಿ ಮೊದಲ ತಾಳೆ 0.93 ಬಂತು ಎಂದುಕೊಳ್ಳೋಣ. ಬಳೆಗಾರನ ತಾಳೆ ಎಷ್ಟು? ಪೂರ್ತಿ 1. ಅವನು ನಮಗಿಂತ ಮುಂದಿದ್ದಾನೆ.

ಎರಡನೇ ಕೋಷ್ಟಕ

ಈಗ ಬಣ್ಣವಲ್ಲದ ಪ್ರಶ್ನೆಯೊಂದನ್ನು ಕೇಳಬೇಕು, ಅದೂ ಬಣ್ಣ ಗೊತ್ತಿರುವ ಬಳೆಗೆ ಸ್ವಲ್ಪವೂ ಉತ್ತರ ಹೊಳೆಯದಂಥ ಪ್ರಶ್ನೆ. ಕ್ವಾಂಟಂನಲ್ಲಿ ಅದನ್ನು ಕಟ್ಟುವುದು ಹೀಗೆ: ಐದೂ ಸುರುಳಿಗಳನ್ನು ಸಮ ಪ್ರಮಾಣದಲ್ಲಿ ಕೂಡಿಸಿ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಫೇಸನ್ನು, ಅಂದರೆ ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬ ಕೋನವನ್ನು, ಸಮನಾಗಿ ತಿರುಗಿಸುತ್ತಾ ಹೋಗಿ. ತಿರುವು 0 ಡಿಗ್ರಿಯಾದರೆ ಮೊದಲ ಹೊಲೊಗ್ರಾಂ, 72 ಡಿಗ್ರಿಯಾದರೆ ಎರಡನೆಯದು, ಆಮೇಲೆ 144, 216, 288. ಈ ಐದೂ ಸೇರಿ ಒಂದು ಹೊಸ ಬೇಸಿಸ್ (ಒಂದು ಪ್ರಶ್ನೆಗೆ ಬರಬಹುದಾದ ಉತ್ತರಗಳ ಪೂರ್ತಿ ಗುಂಪು), ಫೂರಿಯೆ ಬೇಸಿಸ್. ಹಳೆಯ ಬೇಸಿಸ್‌ನಲ್ಲಿ ಖಚಿತವಾಗಿರುವ ಫೋಟಾನ್ ಹೊಸದರಲ್ಲಿ ಐದು ಉತ್ತರಗಳಿಗೂ ಸಮಾನ ಸಾಧ್ಯತೆ ಕೊಡುತ್ತದೆ. ಇಂಥ ಎರಡು ಬೇಸಿಸ್‌ಗಳನ್ನು ಪರಸ್ಪರ ನಿಷ್ಪಕ್ಷ ಎನ್ನುತ್ತಾರೆ.

ಬಳೆಗಾರನ ಆಟ ಕೆಡುವುದು ಇಲ್ಲಿ. ಅವನ ಎರಡು ಬಳೆಗಳಿಗೆ ಈ ಪ್ರಶ್ನೆಯಲ್ಲಿ ಒಪ್ಪಂದವೇ ಇಲ್ಲ. 25 ಮನೆಗಳೂ ಸಮನಾಗಿ ತುಂಬುತ್ತವೆ, ತಾಳೆ 0.2. ಎರಡು ಬಣ್ಣದ ಯಂತ್ರದವನಿಗೆ ಹೆಚ್ಚೆಂದರೆ 0.4. ಐದೂ ಬಣ್ಣ ಪೂರ್ತಿ ಹೆಣೆದುಕೊಂಡ ಜೋಡಿಗೆ ಮಾತ್ರ ಇಲ್ಲಿಯೂ 1.

ಎರಡು ಹೊಂಡಗಳಿವೆ, ಎರಡರಲ್ಲೂ ನಾನು ಬಿದ್ದಿದ್ದೇನೆ. ಮೊದಲನೆಯದು: ಎಡಗಡೆ ಫೇಸನ್ನು ಬಲಕ್ಕೆ ತಿರುಗಿಸಿದರೆ ಬಲಗಡೆ ಎಡಕ್ಕೆ ತಿರುಗಿಸಬೇಕು, ಅಂದರೆ ಸಂಕೀರ್ಣ ಸಂಖ್ಯೆಯ ಜೊತೆಗಾರ ಬೇಕು. ಒಂದೇ ಫೈಲನ್ನು ಎರಡೂ ಮಾಡ್ಯುಲೇಟರಿಗೆ ಹಾಕಿ ಒಂದಿಡೀ ಮಧ್ಯಾಹ್ನ ಲೆನ್ಸು ತಿರುಗಿಸುತ್ತಾ ಕೂತಿದ್ದೆ. ಹೊಳೆಯುವ ಮನೆಗಳು ಕರ್ಣ ಬಿಟ್ಟು ಬೇರೆ ಜಾಗಗಳಲ್ಲಿ ಅಚ್ಚುಕಟ್ಟಾಗಿ ನಿಂತಿದ್ದನ್ನು ಕೊನೆಗೆ ಪಕ್ಕದಲ್ಲಿದ್ದವರು ತೋರಿಸಿದರು. ಪ್ರತಿ ಅಡ್ಡಸಾಲಿನಲ್ಲೂ ಒಂದೇ ಮನೆ ಹೊಳೆಯುತ್ತಿದ್ದರೆ ಲೆನ್ಸು ಮುಟ್ಟಬೇಡಿ, ಚಿಹ್ನೆ ನೋಡಿ.

ಎರಡನೆಯದು ಇನ್ನೂ ಹೊಂಚುಗಾರ. ಸ್ಫಟಿಕದಿಂದ ಫೈಬರ್‌ವರೆಗೆ ಬರುವಾಗ ಬೇರೆ ಬೇರೆ ಸುರುಳಿಗಳು ಬೇರೆ ಬೇರೆ ಫೇಸ್ ಪಡೆಯುತ್ತವೆ. ಕಿರಣ ನಾಭಿಯ ಮೂಲಕ ಹಾಯುವಾಗ ಸಿಗುವ ಗೂಯಿ ಫೇಸ್ ಅದರಲ್ಲೊಂದು. ಜೋಡಿ ಪೂರ್ತಿ ಹೆಣೆದುಕೊಂಡೇ ಇರುತ್ತದೆ, ಆದರೆ ನಿಮ್ಮ ಪ್ರಶ್ನೆ ಅದಕ್ಕೆ ಓರೆಯಾಗಿರುತ್ತದೆ. ಐದು ಮೋಡ್‌ಗಳಿಗೆ, ಅಂದರೆ ಐದು ಸುರುಳಿಗಳಿಗೆ, ಕ್ರಮವಾಗಿ 0, 72, 288, 288, 72 ಡಿಗ್ರಿ ಸೇರಿಕೊಂಡರೆ ಎರಡನೇ ಕೋಷ್ಟಕದ 25 ಮನೆಗಳೂ ಸಪಾಟಾಗುತ್ತವೆ. ಆದರ್ಶ ಎಂಟ್ಯಾಂಗಲ್‌ಮೆಂಟ್ ಇದೆ, ಕೋಷ್ಟಕ ಮಾತ್ರ ಬಳೆಗಾರನದ್ದೇ! ಹಾಗಾಗಿ ತಾಳೆ ಕಡಿಮೆ ಬಂದರೆ ಹೆಣಿಗೆ ಇಲ್ಲ ಎಂದು ಬರೆಯಬೇಡಿ. ಈ ಪರೀಕ್ಷೆ "ಇದೆ" ಎನ್ನಬಲ್ಲದು, "ಇಲ್ಲ" ಎನ್ನಲಾರದು. ಪರಿಹಾರ ಸುಲಭ: ಒಂದು ಕಡೆಯ ಹೊಲೊಗ್ರಾಂಗಳಲ್ಲಿ ಒಂದೊಂದೇ ಮೋಡಿನ ಫೇಸನ್ನು ಸ್ವಲ್ಪ ಸ್ವಲ್ಪ ಬದಲಿಸಿ, ಕರ್ಣ ಅತಿ ಹೆಚ್ಚು ಹೊಳೆಯುವ ಜಾಗ ಹುಡುಕಿ, ಅಲ್ಲಿ ಬೀಗ ಹಾಕಿ. ಆಮೇಲೆ ಹೊಸದಾಗಿ ದತ್ತಾಂಶ ತೆಗೆಯಿರಿ. ಹುಡುಕಾಟದಲ್ಲಿ ಬಂದ ಎಣಿಕೆಗಳನ್ನೇ ಫಲಿತಾಂಶವೆಂದು ಕೊಟ್ಟರೆ ಅದೃಷ್ಟದ ಏರಿಳಿತವನ್ನೇ ಆರಿಸಿ ಕೊಟ್ಟಂತಾಗುತ್ತದೆ.

ನಮಗೆ ಎರಡನೇ ತಾಳೆ 0.90 ಬಂತು ಎನ್ನೋಣ.

ಎರಡನ್ನೂ ಕೂಡಿ, ಒಂದು ಕಳೆಯಿರಿ

0.93ಕ್ಕೆ 0.90 ಕೂಡಿಸಿ 1 ಕಳೆಯಿರಿ: 0.83. ನಿಮ್ಮ ಸ್ಥಿತಿ ಮತ್ತು ಐದು ಆಯಾಮದ ಪರಿಪೂರ್ಣ ಎಂಟ್ಯಾಂಗಲ್ಡ್ ಸ್ಥಿತಿಯ ನಡುವಿನ ಫಿಡೆಲಿಟಿ, ಅಂದರೆ ಎಷ್ಟರ ಮಟ್ಟಿಗೆ ಹೋಲುತ್ತವೆ ಎಂಬುದರ ಅಳತೆ, 0.83ಕ್ಕಿಂತ ಕಡಿಮೆ ಇರಲಾರದು.

ಯಾಕೆ ಹೀಗೆ? ನೂರು ಮಕ್ಕಳ ಶಾಲೆಯಲ್ಲಿ ಬೆಳಗಿನ ಹಾಜರಿಗೆ 7 ಮಂದಿ ಇರಲಿಲ್ಲ, ಮಧ್ಯಾಹ್ನದ ಹಾಜರಿಗೆ 10 ಮಂದಿ ಇರಲಿಲ್ಲ. ಎರಡೂ ಹೊತ್ತು ಇದ್ದವರು ಕನಿಷ್ಠ 83. ಲೆಕ್ಕ ಅಷ್ಟೇ. ಆದರೆ ಕ್ವಾಂಟಂನಲ್ಲಿ ಇಂಥ ಹಾಜರಿ ಲೆಕ್ಕ ಸುಮ್ಮನೆ ನಡೆಯುವುದಿಲ್ಲ. ಎರಡು ಪ್ರಶ್ನೆಗಳು ಒಂದನ್ನೊಂದು ಕೆಡಿಸುವಂತಿದ್ದರೆ "ಎರಡೂ ಹೊತ್ತು ಇದ್ದವರು" ಎಂಬ ಮಾತಿಗೇ ಅರ್ಥವಿಲ್ಲ. ಒಂದು ಫೋಟಾನಿನ ಮಟ್ಟದಲ್ಲಿ ನಮ್ಮ ಎರಡು ಬೇಸಿಸ್‌ಗಳು ಒಂದನ್ನೊಂದು ಕೆಡಿಸುತ್ತವೆ. ಆದರೆ ಜೋಡಿಯ ಮಟ್ಟದಲ್ಲಿ "ಮೊದಲ ಬೇಸಿಸ್‌ನಲ್ಲಿ ತಾಳೆಯಾಗುತ್ತದೆಯೇ", "ಎರಡನೆಯದರಲ್ಲಿ ತಾಳೆಯಾಗುತ್ತದೆಯೇ" ಎಂಬ ಎರಡು ಪ್ರಶ್ನೆಗಳು ಜಗಳವಾಡುವುದಿಲ್ಲ. ಎರಡಕ್ಕೂ ಖಚಿತವಾಗಿ "ಹೌದು" ಎನ್ನುವ ಸ್ಥಿತಿ ಒಂದೇ ಒಂದು: ಆ ಪರಿಪೂರ್ಣ ಎಂಟ್ಯಾಂಗಲ್ಡ್ ಸ್ಥಿತಿ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಸಂಗತಿಯೇ ಇದು.

ಇನ್ನು ಅಣ್ಣತಮ್ಮಂದಿರ ಎತ್ತರ ಅಳೆಯಿರಿ. ಶ್ಮಿಟ್ ಸಂಖ್ಯೆ ಒಂದಾಗಿರುವ ಸ್ಥಿತಿ, ಅಂದರೆ ಸಾದಾ ಬಳೆಗಾರ, 0.2 ಫಿಡೆಲಿಟಿಯನ್ನು ದಾಟಲಾರ. ಎರಡಾದರೆ 0.4, ಮೂರಾದರೆ 0.6, ನಾಲ್ಕಾದರೆ 0.8. ಸಾಮಾನ್ಯ ನಿಯಮ: ಶ್ಮಿಟ್ ಸಂಖ್ಯೆಯನ್ನು ಆಯಾಮದಿಂದ ಭಾಗಿಸಿ. ನಮ್ಮದು 0.83, ನಾಲ್ಕು ಬಣ್ಣದವನೂ ಸೋತ. ಶ್ಮಿಟ್ ಸಂಖ್ಯೆ ಐದು.

ಎರಡನೇ ತಾಳೆ 0.85 ಬಂದಿದ್ದರೆ ಮೊತ್ತ 0.78ಕ್ಕೆ ಇಳಿದು "ಕನಿಷ್ಠ ನಾಲ್ಕು" ಎಂದಷ್ಟೇ ಹೇಳಬಹುದಿತ್ತು. ಐದು ಬಣ್ಣದ ಮೂಲ ಇಟ್ಟುಕೊಂಡಿದ್ದೇವೆ ಎಂಬ ಕಾರಣಕ್ಕೆ ಐದು ಆಯಾಮದ ಎಂಟ್ಯಾಂಗಲ್‌ಮೆಂಟ್ ಆಗುವುದಿಲ್ಲ. ನೂರು ಮೋಡ್ ಅಳೆದೆವು ಎಂಬ ಶೀರ್ಷಿಕೆ ಕಂಡಾಗಲೆಲ್ಲ ಒಳಗೆ ಹೋಗಿ ಶ್ಮಿಟ್ ಸಂಖ್ಯೆ ಎಷ್ಟು ಎಂದು ಹುಡುಕಿ.

ನಾವು ಮಾಡಿದ್ದು 50 ಮನೆಗಳ ಕೆಲಸ. ಇಡೀ ಸ್ಥಿತಿಯನ್ನು ಟೊಮೊಗ್ರಫಿಯಿಂದ (ಎಲ್ಲ ಕೋನಗಳಿಂದ ಅಳೆದು ಪೂರ್ತಿ ಚಿತ್ರ ಕಟ್ಟುವ ವಿಧಾನದಿಂದ) ಕಟ್ಟಲು ಹೊರಟರೆ, ಎರಡೂ ಕಡೆ ಆರಾರು ನಿಷ್ಪಕ್ಷ ಬೇಸಿಸ್ ಹಿಡಿದು 900 ಮನೆ. 11 ಆಯಾಮಕ್ಕೆ ಹೋದರೆ 242 ಎಲ್ಲಿ, 17,424 ಎಲ್ಲಿ!

ಎಷ್ಟು ಹೊತ್ತು ಎಣಿಸಬೇಕು

0.83 ಎಂಬುದು 0.80ಕ್ಕಿಂತ ಹೆಚ್ಚು, ಸರಿ. ಎಷ್ಟು ನಂಬಿಕೆಯಿಂದ ಹೆಚ್ಚು? ಒಂದೊಂದು ಕೋಷ್ಟಕದಲ್ಲೂ ಒಟ್ಟು 100 ಜೋಡಿ ಮಾತ್ರ ಎಣಿಸಿದ್ದರೆ ಎರಡು ತಾಳೆಗಳ ಅನಿಶ್ಚಿತತೆ ಸೇರಿ ಸುಮಾರು 0.04 ಆಗುತ್ತದೆ. 0.83 ± 0.04 ಎಂದರೆ ಬೇಲಿಯ ಮೇಲೆ ಕೂತ ಬೆಕ್ಕು, ಯಾವ ಕಡೆ ಹಾರುತ್ತದೋ ಹೇಳಲಾಗದು. ತಲಾ 10,000 ಜೋಡಿ ಎಣಿಸಿದರೆ ಅದೇ ಅನಿಶ್ಚಿತತೆ 0.004ಕ್ಕೆ ಇಳಿದು, ಬೇಲಿಯಿಂದ ಏಳು ಸಿಗ್ಮಾಗಿಂತ, ಅಂದರೆ ಆ ಅನಿಶ್ಚಿತತೆಯ ಏಳು ಪಟ್ಟಿಗಿಂತ, ದೂರ ನಿಲ್ಲುತ್ತೀರಿ. ಶೇಕಡಾವಾರು ಅದೇ, ತೀರ್ಮಾನ ಬೇರೆ. ಹತ್ತು ಪಟ್ಟು ನಿಖರತೆಗೆ ನೂರು ಪಟ್ಟು ಎಣಿಕೆ ಬೇಕು. ಅದಕ್ಕೇ ಈ ಪ್ರಯೋಗಗಳು ರಾತ್ರಿಯೆಲ್ಲ ಓಡುವುದು.

ರಾತ್ರಿಯೆಲ್ಲ ಓಡಿದರೆ ಲೇಸರ್ ಶಕ್ತಿಯೂ ಕೋಣೆಯ ಉಷ್ಣತೆಯೂ ಸುಮ್ಮನಿರುವುದಿಲ್ಲ. ಮೊದಲ ಮನೆಯನ್ನು ಸಂಜೆಯೂ ಕೊನೆಯ ಮನೆಯನ್ನು ಬೆಳಗಿನ ಜಾವವೂ ಅಳೆದರೆ ಅವನ್ನು ಒಂದೇ ಕೋಷ್ಟಕದಲ್ಲಿ ಕೂಡಿಸುವುದು ತಪ್ಪಾಗುತ್ತದೆ. ಒಂದು ಮನೆಗೆ ಹತ್ತು ನಿಮಿಷ ಒಟ್ಟಿಗೆ ಕೊಡುವ ಬದಲು ಹತ್ತು ಸೆಕೆಂಡಿನಂತೆ ಅರವತ್ತು ಸುತ್ತು ಹಾಕಿ, ಪ್ರತಿ ಸುತ್ತಿನಲ್ಲೂ ಮನೆಗಳ ಕ್ರಮ ಕಲಸಿ.

ಅಂಕಿ ಸಾಲದಿದ್ದರೆ

ಬೇಲಿ ದಾಟದಿದ್ದರೆ ಇನ್ನೊಂದು ಬೇಸಿಸ್ ಸೇರಿಸಿ. ಸಪಾಟಾದ ಬಿಳಿ ಗದ್ದಲ (ಎಲ್ಲ ಮನೆಗಳಿಗೂ ಸಮನಾಗಿ ಬೀಳುವ ಗದ್ದಲ) ಬೆರೆತ ಸ್ಥಿತಿಯನ್ನು ತೆಗೆದುಕೊಳ್ಳಿ. ಅದರಲ್ಲಿ ಅಸಲಿ ಎಂಟ್ಯಾಂಗಲ್ಡ್ ಭಾಗ ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ಎರಡು ಬೇಸಿಸ್‌ಗಳ ಪರೀಕ್ಷೆ ಹೆಣಿಗೆಯನ್ನು ಹಿಡಿಯುತ್ತದೆ, ಆಯಾಮ ಎಷ್ಟೇ ಇರಲಿ. ಮೂರು ಬೇಸಿಸ್ ಹಿಡಿದರೆ ಮೂರನೇ ಒಂದು ಭಾಗ ಸಾಕು, ನಾಲ್ಕಾದರೆ ಕಾಲು. ಐದು ಆಯಾಮದಲ್ಲಿ ಇಂಥ ಬೇಸಿಸ್‌ಗಳು ಆರೇ ಇರುವುದು. ಆರನ್ನೂ ಅಳೆದರೆ ಆರನೇ ಒಂದು ಭಾಗದವರೆಗೂ ಇಳಿಯಬಹುದು. ಆಗ ಇನ್ನೊಂದು ಲಾಭ: ಆರು ತಾಳೆಗಳ ಮೊತ್ತದಿಂದ 1 ಕಳೆದು 5ರಿಂದ ಭಾಗಿಸಿದರೆ ಫಿಡೆಲಿಟಿಯ ಕೆಳಮಿತಿಯ ಬದಲು ಫಿಡೆಲಿಟಿಯೇ ಸಿಗುತ್ತದೆ.

ಆಯಾಮ ಅವಿಭಾಜ್ಯ ಸಂಖ್ಯೆಯೋ ಅದರ ಘಾತವೋ ಆಗಿದ್ದರೆ ಆಯಾಮಕ್ಕಿಂತ ಒಂದು ಹೆಚ್ಚು ನಿಷ್ಪಕ್ಷ ಬೇಸಿಸ್‌ಗಳು ಸಿಗುತ್ತವೆ ಎಂದು 1989ರಲ್ಲಿ ವೂಟರ್ಸ್ ಮತ್ತು ಫೀಲ್ಡ್ಸ್ ತೋರಿಸಿದರು. ಆರು ಆಯಾಮದಲ್ಲಿ ಇಂದಿಗೂ ಮೂರಕ್ಕಿಂತ ಹೆಚ್ಚು ಯಾರಿಗೂ ಸಿಕ್ಕಿಲ್ಲ, ಇಲ್ಲವೆಂದು ಸಾಧಿಸಿದವರೂ ಇಲ್ಲ. ಆಯಾಮ ಆರಿಸುವ ಸ್ವಾತಂತ್ರ್ಯ ನಿಮಗಿದ್ದರೆ 5, 7 ಅಥವಾ 11 ಆರಿಸಿ, 6ರ ತಂಟೆಗೆ ಹೋಗಬೇಡಿ.

ಸುರುಳಿಗಳಲ್ಲಿ ಇನ್ನೊಂದು ತೊಂದರೆಯಿದೆ. ಸೊನ್ನೆ ಸುರುಳಿಯ ಜೋಡಿ ಹೆಚ್ಚು ಹುಟ್ಟುತ್ತವೆ, ಸುರುಳಿ ಏರಿದಂತೆ ಕಡಿಮೆ. ಮೊದಲ ಕೋಷ್ಟಕದ ಕರ್ಣ ನಡುವೆ ಉಬ್ಬಿರುತ್ತದೆ. ಹೊಳೆಯುವ ಮೋಡ್‌ಗಳನ್ನು ಹೊಲೊಗ್ರಾಂನಲ್ಲೇ ಮಂದ ಮಾಡಿ ಸಮ ಮಾಡುವುದು ಒಂದು ದಾರಿ. ಆಗ ವರದಿಯಲ್ಲಿ "ಸೋಸಿದ ಮೇಲಿನ ಸ್ಥಿತಿ" ಎಂದು ಬರೆಯಲೇಬೇಕು. ಸೋಸದೆ, ಉಬ್ಬಿದ ಕರ್ಣಕ್ಕೇ ಹೊಂದುವ ಓರೆ ಬೇಸಿಸ್ ಕಟ್ಟಿಕೊಂಡು ಎರಡೇ ಬೇಸಿಸ್‌ನಲ್ಲಿ ಕೆಲಸ ಮುಗಿಸುವ ವಿಧಾನವನ್ನು ಜೆಸಿಕಾ ಬಾವರೆಸ್ಕೊ, ಮಾರ್ಕಸ್ ಹೂಬರ್, ಮೆಹುಲ್ ಮಲಿಕ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ಕರ್ಣದ ಮೊತ್ತದ ಬದಲು, ಅಂಕಿಅಂಶ ಶಾಸ್ತ್ರದ ಪಾಠದಲ್ಲಿ ಬರುವ ಪಿಯರ್ಸನ್ ಗುಣಾಂಕವನ್ನೇ ಎರಡು ಬೇಸಿಸ್‌ಗಳಲ್ಲಿ ಲೆಕ್ಕ ಹಾಕಿ ಕೂಡಿಸುವವರೂ ಇದ್ದಾರೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ ಇಂಥ ಗುಣಾಂಕಗಳನ್ನು ಹಿಡಿದು ಮೂರು ಆಯಾಮದ ಫೋಟಾನ್ ಜೋಡಿಗಳ ಮೇಲೆ ಕೆಲಸ ಮಾಡಿದೆ.

ನಮಗೆ ನಾವೇ ಮೋಸ ಮಾಡಿಕೊಳ್ಳುವ ಜಾಗಗಳು

ಆಕಸ್ಮಿಕ ಜೋಡಿಗಳನ್ನು ಲೆಕ್ಕ ಹಾಕಿ ಕಳೆದರೆ ತಾಳೆ ಕೂಡಲೇ ಏರುತ್ತದೆ. ಮೂಲದ ಗುಣ ತಿಳಿಯಲು ಕಳೆಯಬಹುದು. ಆದರೆ ಕಳೆಯದ ಅಂಕಿಯನ್ನು ಮೊದಲು ಕೊಡಿ. ಗುಪ್ತಸಂಕೇತಕ್ಕೆ ಬಳಸುವ ಉದ್ದೇಶವಿದ್ದರೆ ಕಳೆಯುವ ಹಾಗೇ ಇಲ್ಲ, ಕದ್ದು ಕೇಳುವವನು ನಿಮಗಾಗಿ ಗದ್ದಲ ಕಳೆದುಕೊಡುವುದಿಲ್ಲ.

ಫೈಬರ್ ದೊಡ್ಡ ಸುರುಳಿಗಳನ್ನು ಕಡಿಮೆ ಹಿಡಿಯುತ್ತದೆ. ಹಾಗಾಗಿ ಕೋಷ್ಟಕದ ಮನೆಗಳಿಗೆಲ್ಲ ಒಂದೇ ತೂಕವಿರುವುದಿಲ್ಲ. ಮೋಡ್‌ವಾರು ದಕ್ಷತೆಯನ್ನು ಲೇಸರ್ ಹಾಯಿಸಿ ಬೇರೆಯಾಗಿ ಅಳೆದಿಟ್ಟುಕೊಳ್ಳಿ. ತಪ್ಪು ಹೊಲೊಗ್ರಾಂ ಹಾಕಿದಾಗಲೂ ಒಳನುಗ್ಗುವ ಬೆಳಕು ಎಷ್ಟು ಎಂಬುದನ್ನೂ ಅದೇ ಸಲ ನೋಡಿಬಿಡಿ.

ಅತಿ ದೊಡ್ಡ ಮೋಸ, ಆಯಾಮ ಆಮೇಲೆ ಆರಿಸುವುದು. ಏಳು ಮೋಡ್ ಅಳೆದು, ಚೆನ್ನಾಗಿ ಬಂದ ಐದನ್ನು ಇಟ್ಟುಕೊಂಡು, ಎರಡನ್ನು ಸದ್ದಿಲ್ಲದೆ ಬಿಡುವುದು. ಬಿಡುವುದಾದರೆ ಬಿಟ್ಟೆವು ಎಂದು ಹೇಳಿ.

ಉಪಕರಣವನ್ನೇ ನಂಬದವರಿಗೆ

ಇಲ್ಲಿಯವರೆಗಿನ ಲೆಕ್ಕದಲ್ಲಿ ಹೊಲೊಗ್ರಾಂ ಹೇಳಿದ್ದನ್ನೇ ಮಾಡುತ್ತದೆ ಎಂದು ನಂಬಿದ್ದೇವೆ. ಆ ನಂಬಿಕೆಯೂ ಬೇಡವೆಂದರೆ ಬೆಲ್ ಪರೀಕ್ಷೆಗೇ, ಅಂದರೆ ಉಪಕರಣದ ಒಳಗೇನಿದೆ ಎಂದು ಕೇಳದೆ ಎರಡು ಕಡೆಯ ಉತ್ತರಗಳ ತಾಳೆಯನ್ನಷ್ಟೇ ನೋಡುವ ಪರೀಕ್ಷೆಗೇ, ಹೋಗಬೇಕು. ಜಾನ್ ಬೆಲ್ 1964ರಲ್ಲಿ ಹಾಕಿದ ಅಡಿಪಾಯದ ಮೇಲೆ ಹೆಚ್ಚು ಆಯಾಮಕ್ಕೆ ಒಗ್ಗುವ ಅಸಮಾನತೆಯನ್ನು 2002ರಲ್ಲಿ ಕಾಲಿನ್ಸ್, ಜಿಸಿನ್, ಲಿಂಡನ್, ಮಸಾರ್, ಪೊಪೆಸ್ಕು ಕಟ್ಟಿದರು. ಬಳೆಗಾರನ ಮಿತಿ 2. ಮೂರು ಆಯಾಮದ ಪರಿಪೂರ್ಣ ಸ್ಥಿತಿ 2.87 ಮುಟ್ಟುತ್ತದೆ. 2011ರಲ್ಲಿ ಸ್ಕಾಟ್ಲೆಂಡಿನ ತಂಡವೊಂದು ಸುರುಳಿಗಳನ್ನೇ ಬಳಸಿ 12 ಆಯಾಮದವರೆಗೆ ಈ ಮಿತಿ ಮೀರಿದ್ದನ್ನು ತೋರಿಸಿತು. ಆದರೆ ಹಿಡಿದ ಫೋಟಾನ್‌ಗಳು ಹಿಡಿಯದವುಗಳ ನ್ಯಾಯವಾದ ಮಾದರಿ ಎಂದು ಒಪ್ಪಿಕೊಳ್ಳುವ ಇಂಥ ಪ್ರಯೋಗಗಳಲ್ಲಿ ಬಳೆಗಾರನಿಗೆ ಒಂದು ಹಿತ್ತಲ ಬಾಗಿಲು ತೆರೆದೇ ಇರುತ್ತದೆ: ತನಗೆ ಹೊಂದದ ಪ್ರಶ್ನೆ ಬಂದಾಗ ಅವನು ಡಬ್ಬಿ ಕಳೆದುಹೋಯಿತು ಎಂದುಬಿಡಬಹುದು. ಅದನ್ನು ಮುಚ್ಚಲು ಫೋಟಾನ್ ಹಿಡಿಯುವ ದಕ್ಷತೆ ಬೇಕು. ಎರಡು ಆಯಾಮದಲ್ಲಿ 66.7% ಮೀರಬೇಕು, ನಾಲ್ಕು ಆಯಾಮಕ್ಕೆ ಹೋದರೆ 61.8% ಸಾಕು ಎಂದು 2010ರಲ್ಲಿ ವೆರ್ಟೆಶಿ, ಪಿರೊನಿಯೊ, ಬ್ರನ್ನರ್ ಲೆಕ್ಕ ತೋರಿಸಿದರು. ಮಾಡ್ಯುಲೇಟರ್ ಮತ್ತು ಫೈಬರ್ ಇಟ್ಟುಕೊಂಡ ನಮ್ಮ ಮೇಜಿನಿಂದ ಅದು ಬಹಳ ದೂರ.

ಲ್ಯಾಪ್‌ಟಾಪಿನಲ್ಲಿ ಒಂದು ಸಂಜೆ

ಪೈಥಾನ್ ಮತ್ತು ನಂಪೈ ಇದ್ದರೆ ಸಾಕು. 25 ಘಟಕದ ವೆಕ್ಟರಿನಲ್ಲಿ ಪರಿಪೂರ್ಣ ಸ್ಥಿತಿ ಕಟ್ಟಿ, ಅದರ ಡೆನ್ಸಿಟಿ ಮ್ಯಾಟ್ರಿಕ್ಸ್‌ಗೆ 15% ಬಿಳಿ ಗದ್ದಲ ಬೆರೆಸಿ, ಎರಡು ತಾಳೆ ಲೆಕ್ಕ ಹಾಕಿ. ಎರಡೂ 0.88 ಬರುತ್ತವೆ, ಕೆಳಮಿತಿ 0.76, ತೀರ್ಮಾನ ಕನಿಷ್ಠ ನಾಲ್ಕು. ಈಗ ಆರೂ ಬೇಸಿಸ್ ಹಾಕಿ ನೋಡಿ: ಫಿಡೆಲಿಟಿ 0.856, ಅಂದರೆ ಐದು. ಎರಡು ಬೇಸಿಸ್‌ನ ಜಿಪುಣತನ ಎಷ್ಟು ಎಂಬುದು ಕಣ್ಣಿಗೆ ಕಾಣುತ್ತದೆ. ಆಮೇಲೆ ಬಳೆಗಾರನ ಮ್ಯಾಟ್ರಿಕ್ಸ್ ಹಾಕಿ, ಎರಡು ಬಣ್ಣದ ಯಂತ್ರದ್ದು ಹಾಕಿ, 0.2, 0.4ರ ಬೇಲಿಗೆ ಅವು ಮೂಗು ತಾಗಿಸಿ ನಿಲ್ಲುವುದನ್ನು ನೋಡಿ. ಕೊನೆಯದಾಗಿ ಮೇಲೆ ಹೇಳಿದ 0, 72, 288, 288, 72 ಡಿಗ್ರಿಗಳನ್ನು ಸೇರಿಸಿ ಎರಡನೇ ಕೋಷ್ಟಕ ಸಪಾಟಾಗುವುದನ್ನು ಖುದ್ದಾಗಿ ಕಂಡುಕೊಳ್ಳಿ.

ಲ್ಯಾಬ್ ಇದ್ದವರೂ ಇದನ್ನು ಮೊದಲೇ ಮಾಡಿಡಬೇಕು. ಅಸಲಿ ದತ್ತಾಂಶಕ್ಕೆ ಹಾಕುವ ಅದೇ ಪ್ರೋಗ್ರಾಂಗೆ ಬಳೆಗಾರನ ಅಂಕಿ ಕೊಟ್ಟಾಗ ಅದು "ಐದು ಆಯಾಮ" ಎಂದರೆ ದೋಷ ಸ್ಫಟಿಕದಲ್ಲಿಲ್ಲ.

ಬರೆದುಕೊಡುವಾಗ

ನಮ್ಮ ಉದಾಹರಣೆಯ ಫಲಿತಾಂಶವನ್ನು ನಾನು ಹೀಗೆ ಬರೆಯುತ್ತೇನೆ: "ಸುರುಳಿ −2ರಿಂದ 2ರವರೆಗಿನ ಐದು ಮೋಡ್‌ಗಳಲ್ಲಿ, ಎರಡು ನಿಷ್ಪಕ್ಷ ಬೇಸಿಸ್‌ಗಳಲ್ಲಿ ತಲಾ 10,000 ಜೋಡಿ ಎಣಿಸಿ, ಆಕಸ್ಮಿಕ ಜೋಡಿಗಳನ್ನು ಕಳೆಯದೆ, ಫಿಡೆಲಿಟಿ ಕನಿಷ್ಠ 0.830 ± 0.004. ಅಳತೆಯ ಉಪಕರಣಗಳನ್ನು ನಂಬಿದರೆ ಮತ್ತು ಹಿಡಿದ ಜೋಡಿಗಳು ನ್ಯಾಯವಾದ ಮಾದರಿ ಎಂದು ಒಪ್ಪಿದರೆ, ಶ್ಮಿಟ್ ಸಂಖ್ಯೆ 5." ಶೀರ್ಷಿಕೆಗೆ ಜಾಗ ಸಾಲದೆ ಕೊನೆಯ ವಾಕ್ಯದ ಮೊದಲರ್ಧವನ್ನು ಯಾರಾದರೂ ಕತ್ತರಿಸಲು ಬಂದರೆ, ಮೊದಲ ಕೋಷ್ಟಕ ಒಂದನ್ನೇ ಅವರ ಕೈಗೆ ಕೊಟ್ಟು ಇದು ನಮ್ಮದೋ ಬಳೆಗಾರನದೋ ಹೇಳಿ ಎಂದು ಕೇಳಿ.